ನಲವತ್ತನೆಯ ದಿನದ ಗೋಧಿ

ಪ್ಲೊವ್ದಿವ್, ೪ ಮಾರ್ಚ್ ೧೯೮೨

ಪ್ರೊಫೆಸರ್ ತೋಮೋವ್ ಅವರಿಗೆ,

ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳಿಗೆ ಗಂಜಿ ಕಾಯಿಸುವ ದೊಂಕಾಳ ನಮಸ್ಕಾರ.

ನಿಮ್ಮ ಹೆಂಡತಿ ಝಿವ್ಕಾ ಅವರು ಕಂಡುಹಿಡಿದ ಬ್ಯಾಕ್ಟೀರಿಯಾ ತಳಿಯನ್ನು ಸೋಮವಾರ ಪ್ರಾಗ್‌ಗೆ ಕಳಿಸುತ್ತೀರಂತೆ. ದಯವಿಟ್ಟು ಕಳಿಸಬೇಡಿ.

ಅವರು ತೀರಿಕೊಂಡ ನಲವತ್ತನೆಯ ದಿನ ಅವರ ನೆನಪಿಗೆ ಹಂಚುವ ಸಿಹಿ ಗೋಧಿ ಬೇಯಿಸಿದವಳು ನಾನೇ, ಅದೂ ಪ್ರಯೋಗಾಲಯದ ಒಲೆಯ ಮೇಲೆ. ಆ ಗಡಿಬಿಡಿಯಲ್ಲಿ ಪಕ್ಕದ ಗಂಜಿಗೆ ಹಿಸ್ಟಿಡಿನ್ ಹಾಕುವುದನ್ನು ಮರೆತೆ. ವಂಶವಾಹಿಯಲ್ಲೇ ದೋಷವಿರುವ ಆ ತಳಿಗೆ ಈ ಅಮೈನೋ ಆಮ್ಲವನ್ನು ತಾನಾಗಿ ತಯಾರಿಸಿಕೊಳ್ಳಲು ಬರುವುದಿಲ್ಲ. ನಾವು ಉಣಿಸಿದರಷ್ಟೇ ಬದುಕುತ್ತದೆ. ಆ ಗಂಜಿ ಹೊಯ್ದ ತಟ್ಟೆಗಳಿಗೇ ಇದ್ದ ತಳಿಯನ್ನೆಲ್ಲ ಬಿತ್ತಿದ್ದೆ; ಎರಡು ದಿನ ಬಿಟ್ಟು ನೋಡಿದರೆ ತಟ್ಟೆಗಳೆಲ್ಲ ಖಾಲಿ. ಒಂದರಲ್ಲಿ ಮಾತ್ರ ಒಂದು ಚುಕ್ಕೆ ಬೆಳೆದಿತ್ತು.

"ನೋಡು ದೊಂಕಾ, ಕೋಟಿಯಲ್ಲಿ ಒಂದಕ್ಕೆ ಕಳ್ಕೊಂಡ ಶಕ್ತಿ ತಾನಾಗೇ ವಾಪಸ್ ಬಂದ್ಬಿಡುತ್ತೆ. ಅಂಥದ್ದು ನಮ್ಮ ತಳಿ ಅಲ್ಲ, ಬಿಸಾಕು" ಎಂದು ಝಿವ್ಕಾ ಅವರೇ ಕಲಿಸಿದ್ದರು. ಅಂದು ನಿಮ್ಮ ಮುಖ ನೋಡಿದ ಮೇಲೆ ಬಿಸಾಡಲಾಗಲಿಲ್ಲ. ಅದನ್ನೇ ಬೆಳೆಸಿ ಅವರ ಹೆಸರಿನ ಚೀಟಿ ಅಂಟಿಸಿದೆ. ಎರಡು ವರ್ಷದಿಂದ ಯಾರಿಗೂ ಮುಟ್ಟಗೊಡದೆ ನೀವು ಕಾಪಾಡುತ್ತಿರುವುದು ಅದನ್ನು.

ನಿಜವಾದದ್ದು ಒಂದೇ ಉಳಿದಿದೆ. ಅವರೇ ತಳಿಯನ್ನು ಒಣಗಿಸಿ ತುಂಬಿ, ಬೆಂಕಿಯಲ್ಲಿ ಬಾಯಿ ಮುಚ್ಚಿದ ಗಾಜಿನ ಕೊಳವೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ತೆರೆಯಬೇಕಾದರೆ ಅದರ ಕುತ್ತಿಗೆ ಮುರಿಯಬೇಕು. ಮೂರು ಸಲ ಕೈಗೆತ್ತಿಕೊಂಡು ಮತ್ತೆ ಇಟ್ಟೆ. ನಾಳೆ ಎಂಟಕ್ಕೆ ಬಂದು ನೀವೇ ಮುರಿಯಿರಿ. ಹಿಸ್ಟಿಡಿನ್ ಹಾಕಿದ ತಟ್ಟೆಗಳು ಸಿದ್ಧವಾಗಿವೆ.

ಆ ದಿನ ಗೋಧಿ ಚೆನ್ನಾಗಿದೆ ಎಂದು ನೀವು ಎರಡು ಸಲ ಹಾಕಿಸಿಕೊಂಡಿರಿ. ಅದಕ್ಕೆ ಸಕ್ಕರೆ ಹಾಕುವುದನ್ನೂ ನಾನು ಮರೆತಿದ್ದೆ.

ಇಂತಿ,
ದೊಂಕಾ