ಯಾರೂ ಸಾಯದ ದಿನ ಊದಿದ ಕೊಂಬು

ಸಿಯಾಮ್ವೇಲಾ ಹಳ್ಳಿ, ಗ್ವೆಂಬೆ ಕಣಿವೆ
೯ ಸೆಪ್ಟೆಂಬರ್ ೧೯೯೧

ಈ ಕಾಗದ ಮುನ್ಸಾಂಜೆಗೆ ಮಾತ್ರ. ಬೇರೆ ಯಾರಾದರೂ ಒಡೆದು ಓದುತ್ತಿದ್ದರೆ ನಿಮ್ಮ ತಾಯಂದಿರು ನಿಮಗೆ ಊಟ ಹಾಕಿದರೇ ಹೊರತು ಬುದ್ಧಿ ಕಲಿಸಲಿಲ್ಲ ಎಂದುಕೊಳ್ಳುತ್ತೇನೆ. ಮೀನಿನ ದೋಣಿಯ ಟೆಂಬೊ, ನಿನಗೇ ಹೇಳುತ್ತಿರುವುದು. ಗಂಜಿಯ ಅಂಟು ಹಚ್ಚಿ ಮುಚ್ಚಿದ ಕಾಗದವಿದು, ಆಚೆ ದಡದ ನೆಂಟರಿಗೆ ಎಂದು ಹೇಳಿ ನಿನ್ನ ಕೈಗೆ ಕೊಟ್ಟದ್ದು. ಸರೋವರದ ನಡುವೆ ಆಚೆ ದಡದ ದೋಣಿ ಸಿಕ್ಕಾಗ ಕೈ ಬದಲಾಯಿಸುವುದಷ್ಟೇ ನಿನ್ನ ಕೆಲಸ. ಮಡಿಚು, ಒಳಗಿಡು, ನಿನ್ನ ಬಲೆ ನೋಡಿಕೋ.

ನನ್ನ ಗಂಡನೇ,

ಮೊಮ್ಮಗನನ್ನು ಗಂಡ ಎಂದು ಕರೆದು ನಗುವುದು ಅಜ್ಜಿಯರ ಹಕ್ಕು. ಇವತ್ತು ನಾನು ನಗುತ್ತಿಲ್ಲ. ಬಿಟ್ಟುಹೋದ ಗಂಡನನ್ನು ಹೆಂಡತಿ ಬಯ್ಯುವ ಹಾಗೆಯೇ ನಿನ್ನನ್ನು ಬಯ್ಯಲಿದ್ದೇನೆ. ಆದರೆ ಮೊದಲು ಹೇಳು, ಹೇಗಿದ್ದೀಯ? ಎಡ ಮೊಣಕಾಲಿನ ಊತ ಇಳಿಯಿತೇ? ಆಚೆ ದಡದ ನಮ್ಮವರು ಹೊಟ್ಟೆ ತುಂಬ ಹಾಕುತ್ತಾರೋ, ಅಥವಾ ಒಣಮೀನಿನ ತಲೆಗಳನ್ನೇ ಬಡಿಸಿ ನೆಂಟಸ್ತನ ತೋರಿಸುತ್ತಾರೋ? ನಿನ್ನ ಕ್ಷೇಮ ಕೇಳುವವಳು ಈಗ ಈ ಊರಿನಲ್ಲಿ ನಾನೊಬ್ಬಳೇ. ಉಳಿದವರು ಯಾರೂ ಕೇಳುವುದಿಲ್ಲ. ಯಾಕೆಂದರೆ ನೀನು ಸತ್ತಿದ್ದೀಯ.

ಹೌದು, ಸತ್ತಿದ್ದೀಯ. ನಿನಗಾಗಿ ಅತ್ತೆವು, ಬೂದಿ ಬಳಿದುಕೊಂಡೆವು, ಒಂದು ಹೋರಿ ಕಡಿದೆವು. ನಿನ್ನ ಕಪ್ಪು ಹೋರಿಯನ್ನೇ. ಚೆನ್ನಾಗಿತ್ತು, ಮೆತ್ತಗಿತ್ತು. ನನಗೂ ಒಂದು ತುಂಡು ಬಂತು. ಅದನ್ನು ತಿನ್ನುತ್ತಾ ನಿನ್ನನ್ನು ಶಪಿಸಿದೆ.

ಇದೆಲ್ಲ ಹೇಗಾಯಿತು ಎನ್ನುತ್ತೀಯ? ನಿನ್ನ ಮುಚ್ಚಿದ ಬಾಯಿಯಿಂದ ಆಯಿತು. ವರ್ಷವಿಡೀ ಗಂಟು ಕಟ್ಟಿ ಹೊರಡುತ್ತೀಯ. ಎಲ್ಲಿಗೆ ಎಂದರೆ "ಆ ಕಡೆ" ಎನ್ನುತ್ತೀಯ. ಏನು ತಂದೆ ಎಂದರೆ "ಏನೋ ಸ್ವಲ್ಪ" ಎನ್ನುತ್ತೀಯ. ಕಂಬಳಿ ಮಾರುತ್ತಾನೆ ಎಂದು ನಿನ್ನ ಹೆಂಡತಿ ಲೂಸೆ ಹೇಳುತ್ತಾಳೆ, ಆದರೆ ನಿನ್ನ ಕೈಯಲ್ಲಿ ಕಂಬಳಿ ಕಂಡವರಿಲ್ಲ. ಊರಿಗೆ ಬಂದರೂ ಹಿಟ್ಟಿನ ಚೀಲ ಹೊತ್ತು ನಮ್ಮ ದಡದಲ್ಲೇ ಇರುವ ಕೊಲ್ಲಿಯ ಆಚೆ ಬದಿಗೆ ಹೋಗಿ ಖಾಲಿ ಕೈಯಲ್ಲಿ ಬರುತ್ತೀಯ. ಇಂಥವನು ಇರುವ ಊರಿನಲ್ಲಿ ನನ್ನ ಗೆಳತಿಯರಂಥ ಇಬ್ಬರು ಹೆಂಗಸರು ಸುಮ್ಮನೆ ಕೂರುತ್ತಾರೆಯೇ? ಬಿನಾ-ಚೋಲ್ವೆಗೆ ಪಕ್ಕದ ಮನೆಯ ಮಡಕೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿಯದಿದ್ದರೆ ತನ್ನ ಅನ್ನ ಇಳಿಯುವುದಿಲ್ಲ. ನಮೂಂಗಾ ಇನ್ನೂ ಕೆಟ್ಟವಳು, ಕೇಳುವುದೂ ಇಲ್ಲ, ನೇರ ಮುಚ್ಚಳ ತೆಗೆಯುತ್ತಾಳೆ.

ನಾವು ಮೂವರೂ ಗಂಜಿಗೆ ಹುಣಿಸೆ ಆಯಲು ಕೊಲ್ಲಿಯ ಆಚೆ ಬದಿಗೆ ಹೋಗಿದ್ದೆವು. ನೆರಳಿನಲ್ಲಿ ಕೂತು ಸೋರೆಬುರುಡೆಯ ಹುಕ್ಕಾ ಸೇದುತ್ತಿದ್ದಾಗ ನಮೂಂಗಾ ಮೂಗೆತ್ತಿದಳು. "ಇದು ನಮ್ಮ ಹೊಗೆ ಅಲ್ಲ ಕಣ್ರೇ. ಯಾರೋ ಮೀನು ಸುಡ್ತಾ ಇದಾರೆ." ದನಗಳಿಗೆ ರೋಗ ತರುವ ಕಾಡುನೊಣ ಕೊಲ್ಲಲು ಬಂದ ಸರ್ಕಾರದವರು ಹಿಂದೆ ಬಿಟ್ಟುಹೋದ ತಗಡಿನ ಶೆಡ್ಡಿದೆಯಲ್ಲ, ಅದರ ಸಂದಿಯಿಂದ ಹೊಗೆ ಏಳುತ್ತಿತ್ತು. ನಾನು ಬೇಡ ಎಂದೆ. ಬಿನಾ-ಚೋಲ್ವೆ, "ನೀನು ಬೇಡ ಅಂತೀಯ, ಕಾಲು ಮಾತ್ರ ಮುಂದೆ ಹೋಗ್ತಾ ಇದೆ" ಎಂದಳು. ಅವಳಿಗೆ ಉತ್ತರ ಕೊಡುವಷ್ಟರಲ್ಲಿ ನಮೂಂಗಾ ಬಾಗಿಲು ತಳ್ಳಿಯಾಗಿತ್ತು.

ಒಳಗೆ ಕಂಡದ್ದನ್ನು ನಿನಗೆ ನಾನು ವರ್ಣಿಸಬೇಕಾಗಿಲ್ಲ, ನೀನೇ ಕಟ್ಟಿದ ಲೋಕ ಅದು. ಆದರೂ ನನ್ನ ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ. ಗೋಡೆಯುದ್ದಕ್ಕೂ ಗೂಟಗಳು, ಗೂಟಕ್ಕೊಂದು ಜಿಂಕೆಕೊಂಬು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ. ಕೆಳಗೆ ಸಾವಿನ ಡೋಲುಗಳು, ಹೊಸ ಚರ್ಮ ಬಿಗಿದವು. ನಮ್ಮ ಹಳೆಯ ಊರಿನ ಸಾವಿನ ಕೊಂಬುಗಳು! ಅಣೆಕಟ್ಟಿನಿಂದ ಸರೋವರದ ನೀರು ಏರಿ ಮನೆಗಳನ್ನು ನುಂಗಿ, ಅರ್ಧ ಜನರನ್ನು ಈ ದಡಕ್ಕೂ ಅರ್ಧ ಜನರನ್ನು ಆ ದಡಕ್ಕೂ ಲಾರಿಯಲ್ಲಿ ತುಂಬಿದ ಕಾಲಕ್ಕೆ ಅವೂ ಮುಳುಗಿದವು ಎಂದೇ ಊರೆಲ್ಲ ನಂಬಿತ್ತು. ಅಂದಿನಿಂದ ಸಿಯಾಮ್ವೇಲಾದಲ್ಲಿ ಸತ್ತವರೆಲ್ಲ ಬರೀ ಡೋಲಿನ ಸದ್ದಿನಲ್ಲೇ ಹೋದರು. ನಿನ್ನ ಅಜ್ಜನೂ ಹಾಗೇ ಹೋದ, ಜೀವಮಾನವಿಡೀ ಬೇರೆಯವರಿಗಾಗಿ ಊದಿದವನು. ಸಾಲಿನ ಕೊನೆಯಲ್ಲಿ ಒಂದು ಗೂಟ ಮಾತ್ರ ಖಾಲಿಯಿತ್ತು.

ಮೂಲೆಯಲ್ಲಿ ಕಣ್ಣಿಗೆ ಪೊರೆ ಬಂದ ಮುದುಕನೊಬ್ಬ ಮೀನು ಸುಡುತ್ತಿದ್ದ. ಸಿಮ್ವಾಬಾ ಅಂತೆ, ಆಚೆ ದಡದವನು, ನಿನ್ನ ಗುರುವಂತೆ. ನಾವು ಬಂದದ್ದಕ್ಕೆ ಅವನು ಹೆದರಲಿಲ್ಲ, ಖುಷಿಪಟ್ಟ. ಮಾತಾಡದವನ ಜೊತೆ ಇದ್ದು ಇದ್ದು ಅವನ ಬಾಯಿಗೆ ತುಕ್ಕು ಹಿಡಿದಿರಬೇಕು, ಬಿನಾ-ಚೋಲ್ವೆ ಒಂದು ಕೇಳಿದರೆ ಹತ್ತು ಹೇಳಿದ. ಊರು ಒಡೆದಾಗ ಊದುವವರು ತಮ್ಮ ತಮ್ಮ ಕೊಂಬನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದರು. ಒಂದು ಕೊಂಬಿಗೆ ಒಂದೇ ಸ್ವರ, ಒಂಟಿಯಾಗಿ ಅದು ಕತ್ತೆಯ ಕೂಗು. ಎಲ್ಲವೂ ಸೇರಿದರೆ ಮಾತ್ರ ನಮ್ಮ ಊರಿನ ಹಾಡು. ನೀನು ಮನೆಮನೆ ಅಲೆದು ಅವನ್ನು ಕೂಡಿಸುತ್ತಿದ್ದೀಯ ಎಂದ. "ಯಾಕೆ?" ಎಂದೆ ನಾನು. "ಅವನ ಅಜ್ಜಿಗೆ" ಎಂದ. "ಅಜ್ಜಿಗೆ ಏನಾಗಿದೆ?" "ಏನೂ ಆಗಿಲ್ಲ. ಆದಾಗ ಊದೋಕೆ. ಮುದುಕಿಗೆ ನಾಲಿಗೆ ಬಲು ಉದ್ದ ಅಂತೆ. ಗೊತ್ತಾದ್ರೆ ಚರ್ಮ ಸುಲೀತಾಳೆ ಅಂದ. ನೀವು ಯಾರಿಗೂ ಹೇಳಬೇಡಿ ತಾಯಿ."

ನಮೂಂಗಾ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೆ ಮಾತ್ರ ಕಣ್ಣು ಕತ್ತಲೆ ಬಂತು, ಸಿಟ್ಟಿನಿಂದ. ನಾನಿನ್ನೂ ನನ್ನ ಜೋಳವನ್ನು ನಾನೇ ಕುಟ್ಟುತ್ತಿದ್ದೇನೆ. ನೀನು ನನ್ನ ಹೆಣದ ಮುಂದೆ ಊದುವ ಕೊಂಬುಗಳನ್ನು ಹುಡುಕುತ್ತಾ ತಿರುಗುತ್ತಿದ್ದೀಯ! ಬದುಕಿರುವ ಅಜ್ಜಿಯ ಜೊತೆ ಕೂತು ಎರಡು ಮಾತಾಡಲು ನಿನಗೆ ಬಿಡುವಿಲ್ಲ, ಸತ್ತ ಅಜ್ಜಿಗೆ ಮಾತ್ರ ಇಷ್ಟು ಉಪಚಾರ. ಇದನ್ನು ನಾನು ಪ್ರೀತಿ ಎನ್ನಬೇಕೋ?

ಆಮೇಲೆ ಮುದುಕ ಅಂಗಲಾಚಿದ. "ನನ್ನ ಕಿವಿ ಹೋಗೋ ಮುಂಚೆ ಒಂದು ಸಲ ಎಲ್ಲಾ ಕೂಡಿ ಊದೋದು ಕೇಳಬೇಕು. ಯಾರದಾದರೂ ಉಸಿರು ಸಾಕು." ಹೆಂಗಸರು ಸಾವಿನ ಕೊಂಬು ಊದುವುದುಂಟೇ ಎಂದೆ. "ಹಲ್ಲಿಲ್ಲದ ಬಾಯಿ ಗಂಡಸರದ್ದೂ ಒಂದೇ, ಹೆಂಗಸರದ್ದೂ ಒಂದೇ" ಎಂದ. ನಮ್ಮ ಕಾಲದಲ್ಲಿ ಚೆಲುವಿಗಾಗಿ ಮುಂದಿನ ಹಲ್ಲು ಕೀಳಿಸಿಕೊಂಡೆವಲ್ಲ, ಅದು ಇದಕ್ಕೆ ಉಪಯೋಗ ಬಂತು ನೋಡು. ಯಾವುದು ಯಾವಾಗ ಎಂದು ಅವನು ಡೋಲಿನ ಮೇಲೆ ತಟ್ಟಿ ತೋರಿಸಿದ. ಒಂದು ಊದಿ ಬಿಟ್ಟು ಇನ್ನೊಂದು ಎತ್ತಿಕೊಳ್ಳುತ್ತಾ, ಒಬ್ಬರ ಮೇಲೊಬ್ಬರು ಬೀಳುತ್ತಾ ಊದಿದೆವು. ಮೊದಲು ಬರೀ ಗದ್ದಲ. ಆಮೇಲೆ, ಮುನ್ಸಾಂಜೆ, ಅದು ಬಂತು. ಅರ್ಧಮರ್ಧವಾಗಿ, ಕುಂಟುತ್ತಾ, ಆದರೂ ನಮ್ಮ ಊರಿನ ಹಾಡೇ. ಬಿನಾ-ಚೋಲ್ವೆ ಅಳುತ್ತಲೇ ಊದಿದಳು. ನಾನು ಅಳಲಿಲ್ಲ, ಆಗಲೂ ಸಿಟ್ಟಿನಲ್ಲೇ ಇದ್ದೆ.

ನೀರಿನ ಮೇಲೆ ಸದ್ದು ಎಷ್ಟು ದೂರ ಹೋಗುತ್ತದೆ ಎಂದು ಮೂರೂ ಮುದಿ ತಲೆಗಳಿಗೆ ಹೊಳೆಯಲಿಲ್ಲ.

ಹುಣಿಸೆ ಹೊತ್ತು ಊರಿಗೆ ತಿರುಗಿ ಬರುವಷ್ಟರಲ್ಲಿ ಗೋಳು ಶುರುವಾಗಿತ್ತು. ನನ್ನ ತಮ್ಮ ಮುಚಿಂಬಾ, ನಮ್ಮ ಕುಲದ ಹಿರಿಯ, ದಡದಲ್ಲಿ ಬಲೆ ಹೆಣೆಯುತ್ತಿದ್ದವನು ಸದ್ದು ಕೇಳಿ ಎದ್ದು ನಿಂತನಂತೆ. "ಇದು ನಮ್ಮ ಕೊಂಬು! ನಮ್ಮವರೇ ಊದ್ತಾ ಇದಾರೆ, ನೀರಿನಾಚೆಯಿಂದ!" ಕೊಂಬು ಊದಿದರೆ ಸಾವು, ಅದರಲ್ಲಿ ಅನುಮಾನವಿಲ್ಲ. ಊರಲ್ಲಿ ಕಾಯಿಲೆಯವರಿಲ್ಲ. ಹಾಗಾದರೆ ಆಚೆ ದಡದವರು ನಮಗೆ ಸುದ್ದಿ ಮುಟ್ಟಿಸುತ್ತಿದ್ದಾರೆ. ಈಗ ಈ ಊರಿನಿಂದ ಆಚೆ ದಡಕ್ಕೆ ಹೋದವರು ಯಾರಿದ್ದಾರೆ? ಮುನ್ಸಾಂಜೆ. ಲೆಕ್ಕ ಮುಗಿಯಿತು. ಯಾವ ಮೂರ್ಖನನ್ನು ಬಯ್ಯಲಿ? ನಾನಿದ್ದರೂ ಅದೇ ಲೆಕ್ಕ ಹಾಕುತ್ತಿದ್ದೆ.

"ಅವನು ಸತ್ತಿಲ್ಲ, ಸತ್ತಿಲ್ಲ!" ಎಂದು ಕೂಗಿಕೊಂಡೆ. ಹೆಂಗಸರು ನನ್ನನ್ನು ತಬ್ಬಿಕೊಂಡು, "ಅಳು ಅಜ್ಜಿ, ಅತ್ತುಬಿಡು" ಎಂದರು. ಮುಚಿಂಬಾ ಮಾತ್ರ ನನ್ನ ಮುಖ ನೋಡಿ, "ಸತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತಕ್ಕಾ?" ಎಂದ. ಏನೆಂದು ಹೇಳಲಿ? ಸಾವಿಲ್ಲದ ಕಾಲದಲ್ಲಿ ಸಾವಿನ ಕೊಂಬನ್ನು ಗುಟ್ಟಾಗಿ ಕೂಡಿಸಿಟ್ಟವನಿಗೆ ಈ ಊರು ಯಾವ ಹೆಸರಿಡುತ್ತದೆ ಎಂದು ನಿನಗೆ ಗೊತ್ತು. ಮಾಟಗಾರ ಎನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ಸತ್ತ ಮಕ್ಕಳನ್ನೆಲ್ಲ ನಿನ್ನ ತಲೆಗೆ ಕಟ್ಟುತ್ತಾರೆ, ಆ ಕುರುಡನ ಸಮೇತ ಶೆಡ್ಡಿಗೆ ಬೆಂಕಿ ಇಡುತ್ತಾರೆ. ನಾನು ಬಾಯಿಬಿಟ್ಟರೆ ಮಾಟಗಾರ, ಮುಚ್ಚಿಕೊಂಡರೆ ಹೆಣ. ಸದ್ಯಕ್ಕೆ ನಿನ್ನನ್ನು ಹೆಣವಾಗಿ ಇಟ್ಟುಕೊಂಡಿದ್ದೇನೆ. ಸತ್ತವನು ತಿರುಗಿ ಬಂದರೆ ಜನ ಕುಣಿಯುತ್ತಾರೆ. ಸುಟ್ಟುಹೋದವನನ್ನು ಯಾರೂ ತಿರುಗಿ ತರಲಾರರು. ನನ್ನ ಗೆಳತಿಯರ ಬಾಯಿ? ಹುಟ್ಟಿದಂದಿನಿಂದ ಮೊದಲ ಸಲ ಇಬ್ಬರೂ ಮುಚ್ಚಿಕೊಂಡಿದ್ದಾರೆ. ಬಿನಾ-ಚೋಲ್ವೆಗೆ ಆ ಕಷ್ಟದಲ್ಲೇ ಜ್ವರ ಬಂದಿದೆ.

ಗೇಲಿ ಮಾಡುವ ಕುಲದವರು ನಿನ್ನ ಸಾವಿಗೂ ಬಂದರು, ಸಾವಿನ ಮನೆಯಲ್ಲಿ ನಗಿಸುವುದು ಅವರ ಹಕ್ಕು. ಒಬ್ಬ ನಿನ್ನ ಹಾಗೆ ಗಂಟು ಹೊತ್ತು, ತುಟಿ ಬಿಗಿದು ಅಂಗಳ ಸುತ್ತಿದ. ಇನ್ನೊಬ್ಬ, "ಎಲ್ಲಿಗೆ ಸತ್ತೆಯೋ?" ಎಂದು ಕೇಳಿದ. ಇವನು "ಆ ಕಡೆ" ಎಂದ. ಅಳುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ.

ಲೂಸೆ ನಗಲಿಲ್ಲ. ಅವಳ ಮಣಿಸರ ಕಡಿದು ಚಾಪೆಯ ಮೇಲೆ ಕೂರಿಸಿದ್ದಾರೆ. ತಡೆಯಲಾರದೆ ಅವಳ ಕಿವಿಯಲ್ಲಿ ನಿಜ ಹೇಳಿದೆ. ಸಂತೋಷದಿಂದ ಕುಣಿಯುತ್ತಾಳೆ ಎಂದುಕೊಂಡಿದ್ದೆ. ತಲೆ ಎತ್ತದೆ, "ಬದುಕಿದ್ದರೆ ಅವನೇ ಬಂದು ಹೇಳಲಿ ಅಜ್ಜಿ. ನನಗೊಂದು ಮಾತು ಹೇಳದೆ ಬದುಕೋ ಗಂಡನಿಗೂ ಸತ್ತ ಗಂಡನಿಗೂ ಏನು ವ್ಯತ್ಯಾಸ?" ಎಂದಳು. ಇದಕ್ಕೆ ಉತ್ತರ ನಿನ್ನ ಬಳಿ ಇದ್ದರೆ ತೆಗೆದುಕೊಂಡು ಬಾ.

ಈಗ ಕಿವಿಗೊಟ್ಟು ಕೇಳು. ಮುಂದಿನ ತಿಂಗಳು ಹೊಸ ಚಂದ್ರ ಕಂಡ ಕೂಡಲೇ ಜೋಳದ ಹೆಂಡ ಕಾಯಿಸಿ ನಿನ್ನ ಹೆಸರನ್ನು ಇನ್ನೊಬ್ಬನಿಗೆ ಉಣಿಸುತ್ತಾರೆ. ಮುಚಿಂಬಾ ಆರಿಸಿರುವುದು ನನ್ನ ತಂಗಿಯ ಮೊಮ್ಮಗ ಕಚೇಲೆಯನ್ನು. ಹೌದು, ಆ ಸೋಮಾರಿಯನ್ನೇ. ತನ್ನ ಆಡು ತಪ್ಪಿಸಿಕೊಂಡರೆ ನೆರಳಿನಲ್ಲಿ ಕೂತೇ ಅದನ್ನು ಕರೆಯುವವನು. ಅಂದಿನಿಂದ ಅವನೇ ಮುನ್ಸಾಂಜೆ. ನಿನ್ನ ಮಣೆ, ನಿನ್ನ ಈಟಿ, ಉಳಿದ ದನ, ಲೂಸೆ ಒಪ್ಪಿ ತಲೆ ಆಡಿಸಿದರೆ ಲೂಸೆಯೂ ಅವನದು. ನಾನೂ ಅವನನ್ನೇ 'ಗಂಡನೇ' ಎಂದು ಕರೆಯಬೇಕು! ಈಗಲೇ ನಿನ್ನ ಕೋಟು ಹಾಕಿಕೊಂಡು ನನ್ನ ಅಂಗಳಕ್ಕೆ ಬಂದು, "ಹೇಗಿದೆ ಅಜ್ಜಿ, ಒಪ್ಪುತ್ತಾ?" ಎಂದ. "ಒಪ್ಪುತ್ತೆ ಕಣೋ, ಬೆದರುಬೊಂಬೆಗೆ ಯಾವ ಕೋಟಾದ್ರೂ ಒಪ್ಪುತ್ತೆ" ಎಂದೆ. ಹೆಸರು ಒಮ್ಮೆ ಉಣಿಸಿದ ಮೇಲೆ ಮುಗಿಯಿತು. ಆಮೇಲೆ ನೀನು ಬಂದು ನಿಂತರೂ ನಿನ್ನನ್ನು ಕರೆಯಲು ಈ ಊರಿನಲ್ಲಿ ಹೆಸರಿರುವುದಿಲ್ಲ. ಒಬ್ಬ ಮನುಷ್ಯನ ನೆರಳು ಇಬ್ಬರ ಹಿಂದೆ ಬೀಳುವುದಿಲ್ಲ.

ಆದ್ದರಿಂದ ಬಾ. ಮಟಮಟ ಹಗಲಿನಲ್ಲಿ ಬಾ, ಕದ್ದು ಬರಬೇಡ. ಆಚೆ ದಡದ ನಮ್ಮವರನ್ನು, ಊದಬಲ್ಲವರನ್ನೆಲ್ಲ, ದೋಣಿಯಲ್ಲಿ ತುಂಬಿಕೊಂಡು ಬಾ. ಶೆಡ್ಡಿನಿಂದ ಕೊಂಬುಗಳನ್ನು ಎಲ್ಲರ ಕಣ್ಣೆದುರು ಹೊತ್ತು ತಾ. ಊರಿನದನ್ನು ಊರಿಗೆ ಒಪ್ಪಿಸಲು ತಂದೆ ಎಂದು ನಿನ್ನ ಬಾಯಿಂದಲೇ, ಜೋರಾಗಿ ಹೇಳು. ಜನರ ಜೊತೆ ಕೂಡಿ ಬಂದವನನ್ನು ಮಾಟಗಾರ ಎನ್ನುವವರು ಹುಟ್ಟಿಲ್ಲ. ಎನ್ನಲಿ ನೋಡೋಣ, ನನ್ನ ನಾಲಿಗೆಯ ಉದ್ದವನ್ನು ನಿನ್ನ ಗುರು ಆಗಲೇ ಕೇಳಿದ್ದಾನಲ್ಲ. ಅವನಿಗೆ ದಿನಾ ಗಂಜಿ ಹೊತ್ತು ಹೋಗುತ್ತಿರುವವಳೂ ನಾನೇ. ನಾನು ಯಾರೆಂದು ಇನ್ನೂ ಹೇಳಿಲ್ಲ. ನನ್ನ ಮುಂದೆಯೇ ನನ್ನನ್ನು ಬಯ್ಯುತ್ತಾ ಉಣ್ಣುತ್ತಾನೆ.

ಬಿನಾ-ಚೋಲ್ವೆಯೂ ನಮೂಂಗಾಳೂ ನಿನಗೆ ನಮಸ್ಕಾರ ಹೇಳಲು ಹೇಳಿದ್ದಾರೆ. ಸತ್ತವನಿಗೆ ನಮಸ್ಕಾರ ಎಂಥದ್ದು ಎಂದು ಕೇಳಿದರೆ, "ಹಾಕು, ಹಾಕು, ಕಾಗದ ಅವನಿಗೇ ತಾನೇ ಹೋಗೋದು" ಎಂದರು. ನಮ್ಮ ಹಿರಿಯರು ನೀರಿನ ಕೆಳಗಿನಿಂದಲೂ ನಿನ್ನ ದೋಣಿಯನ್ನು ಎತ್ತಿ ಹಿಡಿಯಲಿ. ಆನೆ, ಮೊಸಳೆ, ಗಡಿ ಕಾಯುವ ಪೊಲೀಸಿನವರು ಯಾರೂ ನಿನ್ನನ್ನು ಕಾಣದಿರಲಿ.

ನಿನ್ನ ಸಿಟ್ಟಿನ ಹೆಂಡತಿ, ನಿನ್ನ ತಾಯಿಯ ತಾಯಿ,
ಬಿನಾ-ಮ್ವೀಂಡೆ

ಮರೆತೆ. ಟೆಂಬೊ ದೋಣಿ ತಳ್ಳುತ್ತಾ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಖಾಲಿ ಗೂಟದ ಕೊಂಬನ್ನು ಹುಡುಕಲೆಂದೇ ಈ ಸಲ ನೀನು ಹೋದೆ ಎಂದು ಸಿಮ್ವಾಬಾ ಹೇಳಿದ. ಆಚೆ ದಡವನ್ನೆಲ್ಲ ಅಗೆದರೂ ಅದು ಸಿಗುವುದಿಲ್ಲ. ಅದು ನಿನ್ನ ಅಜ್ಜನ ಕೊಂಬು. ಲಾರಿ ಹತ್ತುವಾಗ ನನ್ನ ಮಡಿಲಲ್ಲಿತ್ತು, ಈಗ ನನ್ನ ಜೋಳದ ಕಣಜದ ತಳದಲ್ಲಿದೆ. ಪ್ರತಿ ಸುಗ್ಗಿಗೂ ಎಣ್ಣೆ ಸವರುತ್ತೇನೆ. ಒಂದು ಮಾತು ಕೇಳಿದ್ದರೆ ಅಂದೇ ಕೊಡುತ್ತಿದ್ದೆ. ಬಂದು ನನ್ನ ಕೈಯಿಂದಲೇ ತೆಗೆದುಕೋ. ಆಮೇಲೆ ಎಲ್ಲವನ್ನೂ ಕೂಡಿಸಿ ನನ್ನ ಅಂಗಳದಲ್ಲಿ ಊದಿಸು, ನನಗೆ ಕಿವಿ ಇರುವಾಗ. ಸತ್ತ ಮೇಲೆ ನೀವು ಸರಿಯಾಗಿ ಊದಿದಿರೋ ಇಲ್ಲವೋ ಎಂದು ನಾನು ಬಯ್ಯುವುದು ಹೇಗೆ? ಬರುತ್ತೀಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.