ಸಾಬಿಯ ಕೈಯಳತೆ

ಸೊಲ್ಲಾಪುರ
ಸಂಕ್ರಾಂತಿಯ ಮರುದಿನ, ೧೯೪೧

ಚಿ. ಸೌ. ಶಿವಕಾಂತಾಳಿಗೆ, ನೀನು ಇನ್ನೂ ಮುಖ ನೋಡದ ನಿನ್ನ ಅಕ್ಕ ಮಾಣಿಕಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ಪತ್ರದ ರೂಢಿ. ಆದರೆ ಇದು ದೊಡ್ಡ ರೋಗದವರ ದವಾಖಾನೆ, ಕ್ಷೇಮವಾಗಿದ್ದವರನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಆ ಸಾಲು ಬಿಟ್ಟಿದ್ದೇನೆ. ನಿನ್ನನ್ನು ತಂಗಿ ಎನ್ನಲೋ ಸವತಿ ಎನ್ನಲೋ ತಿಳಿಯದೆ ಬರೆದ ಕಾಗದವನ್ನು ಹರಿದು ಹಾಕಿದೆ. ಕಡೆಗೆ ತಂಗಿ ಎಂದೇ ಇರಲಿ ಎನಿಸಿತು, ಬೇಡಿಕೊಳ್ಳುವವಳು ನಾನಲ್ಲವೇ. ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಮಣ್ಣು ಮೆತ್ತಿ ಕಟ್ಟಿದ ಒಲೆಯ ಮುಂದೆ ನೀನು ಕೂತಿದ್ದೀ, ನನ್ನ ಮಗಳು ಸಾಬಿಗೆ ನೀನು ಉಣ್ಣಲಿಕ್ಕೆ ಹಾಕುತ್ತೀ. ಹೊಟ್ಟೆ ತುಂಬ ಹಾಕುತ್ತೀ ಎಂದು ಕೇಳಿದ್ದೇನೆ. ನನಗೆ ಇರುವ ಸಮಾಧಾನ ಅದೊಂದೇ.

ಈ ಪತ್ರವನ್ನೂ ಇದರ ಜೊತೆಗಿನ ಗಂಟನ್ನೂ ಬಳೆಗಾರ ದಾವಲಸಾಬರು ನಿನ್ನ ಕೈಯಲ್ಲೇ ಕೊಡುತ್ತಾರೆ. ಬಳೆ ಕೊಳ್ಳಲು ಈ ಊರಿಗೆ ಬಂದಾಗಲೆಲ್ಲ ನಮ್ಮ ಗೇಟಿನ ಹೊರಗೆ ನಿಂತು ಮಣ್ಣೂರಿನ ಸುದ್ದಿ ಹೇಳಿ ಹೋಗುವ ಪುಣ್ಯಾತ್ಮ ಅವರು. ಯಜಮಾನರಿಗೆ ಬರೆದ ಪತ್ರಗಳೆಲ್ಲ ಒಡೆಯದೇ ತಿರುಗಿ ಬಂದವು. ನೋಡು, ಗಂಡ ಒಬ್ಬನೇ, ಹೆಂಡಿರು ಇಬ್ಬರು, ಇಬ್ಬರೂ ಅವರ ಹೆಸರು ಬರೆಯುವಂತಿಲ್ಲ. ನೀನು ಜೇವರ್ಗಿಯ ಮಾಸ್ತರರ ಮಗಳು, ಓದು ಬಲ್ಲೆ. ನಾನು ಅಕ್ಷರ ಕಲಿತದ್ದು ಇಲ್ಲಿಗೆ ಬಂದ ಮೇಲೆ, ತಪ್ಪಿದ್ದರೆ ತಿದ್ದಿಕೊಂಡು ಓದಿಕೋ.

ಗಂಟಿನಲ್ಲಿ ನೂಲಿನಿಂದ ಹೆಣೆದ ಎರಡು ದುಂಡನೆಯ ಬಿಲ್ಲೆಗಳಿವೆ. ಒಲೆಯ ಮೇಲಿನ ಬಿಸಿ ಗಡಿಗೆ ಇಳಿಸಲಿಕ್ಕೆ. ನಮ್ಮ ಕಡೆಯ ಮಸಿಅರಿವೆ ಮಾಡುವ ಕೆಲಸವೇ, ಆದರೆ ಹಾಗೆಂದರೆ ನಮಗೆ ಕಲಿಸಿದ ನರ್ಸಬಾಯಿ ಮುನಿಸಿಕೊಳ್ಳುತ್ತಾರೆ. ಗಿರಣಿಯ ದಪ್ಪ ನೂಲು, ತುದಿಗೆ ಕೊಕ್ಕೆಯಿರುವ ಒಂದೇ ಸೂಜಿ. ನಡುವೆ ಸಣ್ಣ ಕುಣಿಕೆ ಹಾಕಿ ಅದರ ಸುತ್ತ ಕುಣಿಕೆಗೆ ಕುಣಿಕೆ ಸೇರಿಸುತ್ತ ಹೋಗಬೇಕು. ಸುತ್ತು ಸುತ್ತಿಗೂ ಕುಣಿಕೆ ಹೆಚ್ಚಿಸಬೇಕು, ಮರೆತರೆ ಬಿಲ್ಲೆ ಬಟ್ಟಲಿನ ಹಾಗೆ ಮುದುಡಿಕೊಳ್ಳುತ್ತದೆ. ಹಾಗೆ ಎರಡನ್ನು ಹೆಣೆದು ಅಂಚು ಕೂಡಿಸಿದರೆ ಬಿಸಿ ದಾಟುವುದಿಲ್ಲ. ನನ್ನ ಬಲಗೈಯ ಕಿರುಬೆರಳಿಗೂ ಪಕ್ಕದ ಬೆರಳಿಗೂ ಜೀವವಿಲ್ಲ. ಸೂಜಿ ಎಲ್ಲಿದೆ ಎಂದು ಬೆರಳು ಹೇಳುವುದಿಲ್ಲ, ಕಣ್ಣೇ ನೋಡಿಕೊಂಡಿರಬೇಕು. ಅದಕ್ಕೇ ನನ್ನ ಕೆಲಸ ನಿಧಾನ. ಮುಟ್ಟಲಿಕ್ಕೆ ನಿನಗೆ ಹೆದರಿಕೆಯಾದರೆ ತಪ್ಪು ತಿಳಿಯುವುದಿಲ್ಲ. ಕುದಿಯುವ ನೀರಲ್ಲಿ ಹಾಕಿ ತೆಗೆದು ಬಿಸಿಲಿಗೆ ಒಣಗಿಸಿದ್ದೇನೆ, ನೀನೂ ಒಮ್ಮೆ ಕುದಿಸಿಕೋ.

ಇಲ್ಲಿ ಅಡಿಗೆಮನೆಗೆ ಕಾಲಿಟ್ಟವರೆಲ್ಲ ಈ ಬಿಲ್ಲೆ ಹಿಡಿಯಲೇಬೇಕೆಂದು ಕಟ್ಟುನಿಟ್ಟು ಮಾಡಿದ್ದಾರೆ. ಬಿಸಿ ಹತ್ತುವವಳು ತಾನಾಗಿಯೇ ಕೈ ಬಿಡುತ್ತಾಳೆ. ಬಿಸಿ ಹತ್ತದವಳು ಹಿಡಿದೇ ಇರುತ್ತಾಳೆ, ಇದು ಬೇಕಾದದ್ದು ಅವಳಿಗೆ. ಈ ರೋಗ ಒಳಗೆ ಬರುವಾಗ ಹುಣ್ಣು ತರುವುದಿಲ್ಲ, ನೋವು ತರುವುದಿಲ್ಲ. ಇದ್ದ ನೋವನ್ನು ಕದ್ದುಕೊಂಡು ಹೋಗುತ್ತದೆ. ಹಾಗಾಗಿ ಬಂದದ್ದು ಗೊತ್ತಾಗುವುದಿಲ್ಲ.

ನನಗೂ ಗೊತ್ತಾಗಲಿಲ್ಲ. ಮೂರು ವರ್ಷದ ಹಿಂದೆ ಎಳ್ಳಮಾಸಿಯ ದಿನ ಬೇಳೆಯ ಗಡಿಗೆಯನ್ನು ಬರಿಗೈಯಿಂದ ಇಳಿಸಿ, ಅದನ್ನು ಹಿಡಿದುಕೊಂಡೇ ಅತ್ತೆಯವರ ಹತ್ತಿರ ಉಪ್ಪಿನ ಮಾತಾಡುತ್ತಿದ್ದೆ. ಅವರು ನನ್ನ ಕೈಯನ್ನೂ ಮುಖವನ್ನೂ ನೋಡಿ, “ಏನ ಬೇ, ಕೈ ಸುಡಾಕತ್ತದ, ನಿನಗ ತಿಳಿವಲ್ದೇನು?” ಎಂದರು. ಆಮೇಲೆ ಒಬ್ಬೊಬ್ಬರೂ ಹಿಂದೆ ಸರಿದರು. ಮರುದಿನ ಬೆಳಗಾಗುವ ಮುಂಚೆ ಮುಚ್ಚಿದ ಗಾಡಿಯಲ್ಲಿ ನನ್ನನ್ನು ಕೂಡಿಸಿದರು. ಯಜಮಾನರು ಹೊಸ್ತಿಲ ಒಳಗೇ ನಿಂತು ಅಂದದ್ದು ಒಂದೇ ಮಾತು. “ಸತ್ತ ಕೈಗೆ ನನ್ನ ಮನ್ಯಾಗ ಜಾಗ ಇಲ್ಲ.” ಸಾಬಿ ಆಗ ಮಲಗಿದ್ದಳು. ಎಬ್ಬಿಸಿ ಮುಖ ನೋಡಲಿಕ್ಕೂ ಬಿಡಲಿಲ್ಲ.

ಈಗ ನಾನು ಯಾತಕ್ಕೆ ಬರೆಯಲು ಕೂತೆನೋ ಆ ಮಾತು. ಹೋದ ಸಲ ದಾವಲಸಾಬರು ನಿನಗೆ ಬಳೆ ಇಡಿಸಲು ಬಂದಾಗ, ಸಾಬಿ ಒಲೆಯ ಮೇಲಿನ ಹಾಲಿನ ಗಡಿಗೆಯನ್ನು ಬರಿಗೈಯಿಂದ ಎತ್ತಿಟ್ಟಳಂತೆ. ಕೈ ಸುಟ್ಟೀತು ಮಗಳೇ ಎಂದು ಅವರು ಹೇಳಿದ್ದಕ್ಕೆ, “ನನಗ ಸುಡಂಗಿಲ್ರಿ ಕಾಕಾ, ನಾ ನಮ್ಮಪ್ಪನಂಗ” ಎಂದಳಂತೆ. ಹುಡುಗಿ ಗಟ್ಟಿಗಿತ್ತಿ ಎಂದು ಅವರು ನಗುತ್ತ ಹೇಳಿದರು. ಆವತ್ತಿನಿಂದ ನನಗೆ ಅನ್ನ ಇಳಿದಿಲ್ಲ ತಂಗಿ. ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವಳು ಅವಳು. ಅಪ್ಪನನ್ನು ನೋಡಿ ನಕಲು ಮಾಡುತ್ತಿರಬಹುದು ಎಂದು ನನಗೆ ನಾನೇ ಧೈರ್ಯ ಹೇಳಿಕೊಳ್ಳುತ್ತೇನೆ. ಚಿಲುಮೆಗೆ ಅವರು ಕೆಂಡವನ್ನು ಬೆರಳಿಂದಲೇ ಎತ್ತಿಡುತ್ತಾರಲ್ಲ. ನಾನು ಮದುವೆಯಾಗಿ ಬಂದ ವರ್ಷವೇ ಅದನ್ನು ನೋಡಿ, ಎಂಥ ಗಂಡಸಿನ ಕೈಯಪ್ಪಾ ಎಂದು ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ನನಗಾಗಿ ಇಷ್ಟು ಮಾಡು. ಸಾಬಿಯ ಕೈಗೆ ಬಿಲ್ಲೆ ಕೊಡು. ಬೇಡ, ನನಗೆ ಬಿಸಿ ಹತ್ತುವುದಿಲ್ಲ ಎಂದರೆ ಬಿಡದೆ ನೋಡು. ಆಮೇಲೆ ಒಂದು ಕಾಗದ ಹಾಸಿ, ಅದರ ಮೇಲೆ ಬೆರಳು ಬಿಡಿಸಿ ಅವಳ ಕೈ ಇಡಿಸು. ಕಣ್ಣು ಮುಚ್ಚಿಸು. ಪೆನ್ಸಿಲನ್ನು ಬೆರಳ ಸಂದಿಯಲ್ಲೆಲ್ಲ ಮೆಲ್ಲಗೆ ಹಾಯಿಸಿ ಗೆರೆ ಎಳೆ. ಇಲ್ಲಿನ ಡಾಕ್ಟರು ನಮ್ಮ ಕಣ್ಣು ಮುಚ್ಚಿಸಿ ಕೋಳಿ ಪುಕ್ಕದಿಂದ ಹೀಗೇ ನೋಡುತ್ತಾರೆ. ಕೇಳಿದವರಿಗೆ ಕೈಗವಸು ಹೆಣೆಯಲಿಕ್ಕೆ ಅಳತೆ ಎನ್ನು. ಅದೂ ಸುಳ್ಳಲ್ಲ, ಅವಳಿಗೊಂದು ಹೆಣೆಯುವ ಆಸೆ ನನಗಿದೆ. ಕೈಗೆ ಜೀವವಿದ್ದರೆ ಕಚಗುಳಿಯಾಗುತ್ತದೆ, ಎಳೆದುಕೊಳ್ಳುತ್ತಾಳೆ, ಗೆರೆ ಓರೆಕೋರೆಯಾಗುತ್ತದೆ. ಹಾಗಾದರೆ ನನ್ನ ಮಗಳು ಬದುಕಿದಳು. ಗೆರೆ ನೆಟ್ಟಗೆ ಬಂದರೆ ಯಾರ ಮುಂದೂ ಬಾಯಿ ಬಿಡದೆ ಅವಳನ್ನು ಇಲ್ಲಿಗೆ ಕರೆದುಕೊಂಡು ಬಾ. ಮೊದಲೇ ಬಂದವರಿಗೆ ಗರುಡಫಲದ ಎಣ್ಣೆಯ ಸೂಜಿ ಚುಚ್ಚಿ ಕೈ ಉಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ತಡ ಮಾಡಿ ಬಂದವಳು.

ಆ ಕಾಗದವನ್ನು ದಾವಲಸಾಬರ ಕೈಯಲ್ಲಿ ಕಳಿಸು. ನೀನು ಏನೂ ಬರೆಯದಿದ್ದರೂ ನಡೆದೀತು, ಗೆರೆ ನೋಡಿ ನಾನು ತಿಳಿದುಕೊಳ್ಳುತ್ತೇನೆ.

ಗೇಟಿನ ಕಡೆ ಕಣ್ಣಿಟ್ಟು ಕೂತಿರುವ
ಮಾಣಿಕಮ್ಮ

ತಾ.ಕ.: ಹೆಣೆದವಳು ಯಾರೆಂದು ಸಾಬಿಗೆ ಹೇಳಬೇಡ. ಅವಳಿಗೆ ನಾನು ಸತ್ತಿದ್ದೇನೆ ಎಂದು ಹೇಳಿದ್ದಾರಂತೆ. ಹಾಗೇ ಇರಲಿ.


ಮಣ್ಣೂರ
ಶಿವರಾತ್ರಿ ಮುಗಿದ ವಾರ, ೧೯೪೧

ತೀರ್ಥರೂಪ ಸಮಾನರಾದ ಮಾಣಿಕಮ್ಮಕ್ಕನವರಿಗೆ ಶಿವಕಾಂತಾ ತಲೆಬಾಗಿ ಮಾಡುವ ನಮಸ್ಕಾರಗಳು.

ಉಳಿದದ್ದನ್ನು ಆಮೇಲೆ ಓದಿರಿ, ಮೊದಲು ಇದನ್ನು ಓದಿರಿ. ಸಾಬಿಯ ಕೈಗಳು ಚೆನ್ನಾಗಿವೆ. ಎರಡೂ ಚೆನ್ನಾಗಿವೆ. ಪೆನ್ಸಿಲು ಕಿರುಬೆರಳಿಗೆ ತಾಗುತ್ತಲೇ ಕಿಲಕಿಲ ನಕ್ಕು ಕೈ ಕಿತ್ತುಕೊಂಡಳು. ಕಾಗದ ಹರಿಯಿತು, ಇನ್ನೊಂದನ್ನು ಹಾಸಬೇಕಾಯಿತು. ಅದೇ ಇದರೊಳಗಿದೆ. ಹೆಬ್ಬೆರಳು ಬದನೆಕಾಯಿಯ ಹಾಗೆ ಬಂದಿದೆ, ಕಿರುಬೆರಳಂತೂ ಎರಡು ಕಡೆ ಸೊಟ್ಟ. ಇದನ್ನು ನೋಡಿ ಹೆಣೆದರೆ ಅದು ಯಾರ ಕೈಗೆ ಬಂದೀತೋ ನನಗೆ ತಿಳಿಯದು. ಆದರೆ ಈ ಸೊಟ್ಟ ಗೆರೆ ನೋಡಿ ನೀವು ಹೊಟ್ಟೆ ತುಂಬ ಉಣ್ಣಿರಿ.

ಹಾಲಿನ ಗಡಿಗೆಯ ಸಂಗತಿಯನ್ನೂ ಕೇಳಿದೆ. ದಾವಲಸಾಬರ ಮುಂದೆ ಜಂಬ ಮಾಡಿ, ಆಮೇಲೆ ಹಿತ್ತಲಿಗೆ ಓಡಿ ಎಮ್ಮೆಯ ನೀರಿನ ಬಾನಿಯಲ್ಲಿ ಕೈ ಅದ್ದಿಕೊಂಡು ಕೂತಿದ್ದಳಂತೆ. ಬೆರಳಿಗೆ ಬೊಬ್ಬೆ ಬಂದದ್ದನ್ನು ನನಗೆ ತೋರಿಸಿರಲಿಲ್ಲ. ಹೇಳುತ್ತ ಹೇಳುತ್ತ ಅತ್ತಳು. ನಾನೂ ಅತ್ತೆ.

ನಿಮ್ಮ ಬಿಲ್ಲೆಗಳನ್ನು ಎರಡು ಸಲ ಕುದಿಸಿದೆ, ಮೊದಲ ದಿನ ಕಟ್ಟಿಗೆಯ ತುದಿಯಿಂದ ಎತ್ತಿದೆ. ನಿಮ್ಮಿಂದ ಇದನ್ನು ಮುಚ್ಚಿಟ್ಟರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಈಗ ಅವು ಒಲೆಯ ಪಕ್ಕದ ಗೂಟಕ್ಕೆ ತೂಗಿವೆ, ಅವಿಲ್ಲದೆ ಸಾಬಿ ನನ್ನನ್ನು ಗಡಿಗೆ ಮುಟ್ಟಗೊಡುವುದಿಲ್ಲ. ಅತ್ತೆಯವರಿಗೆ ದಾವಲಸಾಬರು ಮಾರಿದ್ದು ಎಂದಿದ್ದೇನೆ.

ಅಕ್ಕಾ, ಇಲ್ಲಿಗೇ ನಿಲ್ಲಿಸಿ ಸಹಿ ಹಾಕೋಣ ಎಂದುಕೊಂಡಿದ್ದೆ. ಆಗುತ್ತಿಲ್ಲ.

ಹೋದ ವಾರ ಯಜಮಾನರು ಹೊಲದಿಂದ ಹಸಿದು ಬಂದರು. ಬೇಳೆ ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು. ತಾವೇ ಇಳಿಸಿಕೊಳ್ಳಲು ಬಗ್ಗಿದಾಗ ಸಾಬಿ ಓಡಿಹೋಗಿ ಬಿಲ್ಲೆ ತಂದು ಅವರ ಮುಂದೆ ಹಿಡಿದಳು. ಅವರು ನಕ್ಕು, “ಇವೆಲ್ಲ ಹೆಣ್ಮಕ್ಕಳ ಆಟ. ನನಗ್ಯಾಕ ಬೇಕು?” ಎಂದು ಬರಿಗೈಯಿಂದ ಗಡಿಗೆಯ ಕೊರಳು ಹಿಡಿದು ಎತ್ತಿದರು. ಎತ್ತಿಕೊಂಡು, ಬಿಳಿ ಎತ್ತಿಗೆ ಕುಂಟು ಬಂದದ್ದನ್ನು ಹೇಳುತ್ತ, ಮಣೆಯ ತನಕ ನಿಧಾನ ನಡೆದು ಹೋದರು. ವಾಸನೆ ಮೊದಲು ಬಂದದ್ದು ನನ್ನ ಮೂಗಿಗೆ. ಕೆಳಗಿಡ್ರಿ ಎಂದು ನಾನು ಹೇಳಿದ ಮೇಲೆ ಇಟ್ಟರು. ಅಂಗೈಯ ಅಂಚಿನ ಚರ್ಮ ಗಡಿಗೆಗೆ ಅಂಟಿಕೊಂಡು ಉಳಿದಿತ್ತು. ಅವರು ಆ ಕೈಯನ್ನು ಬೇರೆ ಯಾರದೋ ಎನ್ನುವಂತೆ ಒಮ್ಮೆ ನೋಡಿ, ಧೋತರಕ್ಕೆ ಒರೆಸಿಕೊಂಡು, ರೊಟ್ಟಿ ಹಾಕು ಎಂದರು.

ಅತ್ತೆಯವರು ಅಲ್ಲೇ ಕೂತಿದ್ದರು. “ನನ್ನ ಭೀಮಶಾನ ಕೈ ಅಂದ್ರ ಕಲ್ಲು” ಎಂದು ನನ್ನ ಕಡೆ ನೋಡಿ ಹಿಗ್ಗಿದರು. ನಿಮ್ಮ ಕೈ ನೋಡಿ ಹಿಂದೆ ಸರಿದವರು ಇವರೇ ಅಲ್ಲವೇ. ನಿಮ್ಮ ಕೈಯಲ್ಲಿ ಅವರಿಗೆ ಕುಷ್ಠ ಕಂಡಿತು, ಮಗನ ಕೈಯಲ್ಲಿ ಗಂಡಸುತನ ಕಾಣುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ನೀವು ಮದುವೆಯಾಗಿ ಬಂದ ವರ್ಷವೇ ಯಜಮಾನರು ಕೆಂಡ ಎತ್ತುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಆಗ ನಿಮ್ಮ ಕೈಗೆ ಜೀವವಿತ್ತಲ್ಲವೇ ಅಕ್ಕಾ? ರೋಗ ನೀವು ಈ ಮನೆಗೆ ತಂದದ್ದಲ್ಲ, ಈ ಮನೆಯಿಂದ ಒಯ್ದದ್ದು.

ಸತ್ತ ಕೈಗೆ ನನ್ನ ಮನೆಯಲ್ಲಿ ಜಾಗವಿಲ್ಲ ಎಂದು ನಿಮಗೆ ಹೇಳಿದರಲ್ಲ, ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಊರಿಗೆ ತಿಳಿದರೆ ಬಾವಿ ಮುಟ್ಟಗೊಡುವುದಿಲ್ಲ, ನಾಳೆ ಸಾಬಿಯನ್ನು ಯಾರೂ ಮಾಡಿಕೊಳ್ಳುವುದಿಲ್ಲ. ಅತ್ತೆಯವರಂತೂ ರೋಗವನ್ನು ನಾನೇ ತಂದೆ ಎನ್ನುತ್ತಾರೆ. ಮುಚ್ಚಿಟ್ಟರೆ ಯಜಮಾನರ ಕೈ ಉಳಿಯುವುದಿಲ್ಲ, ಒಂದೇ ತಟ್ಟೆಯಲ್ಲಿ ಅವರ ಜೊತೆ ಉಣ್ಣುವ ಸಾಬಿ ಎಷ್ಟು ದಿನ ಹೀಗೆ ನಕ್ಕಾಳು? ನನಗೀಗ ಐದನೆಯ ತಿಂಗಳು. ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ಗಡಿಗೆಗೆ ತಾಗಿಸಿ ನೋಡುತ್ತೇನೆ. ಸುಡುತ್ತದೆ. ಸುಟ್ಟರೆ ಸಂತೋಷಪಡುವ ಗತಿ ಬಂತು ನೋಡಿರಿ.

ಎತ್ತಿನ ಔಷಧಕ್ಕೆಂದೋ ಬಟ್ಟೆಗೆಂದೋ ನೆಪ ಹೇಳಿ ಯುಗಾದಿಯ ಒಳಗೆ ಅವರನ್ನು ಸೊಲ್ಲಾಪುರಕ್ಕೆ ಹೊರಡಿಸುತ್ತೇನೆ. ಸಾಬಿಯನ್ನೂ ಕರೆತರುತ್ತೇನೆ. ನಿಮ್ಮ ಗೇಟಿನ ಮುಂದೆ ಗಾಡಿ ನಿಂತಾಗ ಅವರು ಇಳಿಯುತ್ತಾರೋ ನನ್ನನ್ನು ಇಳಿಸಿ ಹೋಗುತ್ತಾರೋ ಹೇಳಲಾರೆ. ಡಾಕ್ಟರಿಗೆ ಮೊದಲೇ ತಿಳಿಸಿ ಇಡಿರಿ. ಅಷ್ಟರೊಳಗೆ ಗಂಡಸಿನ ಕೈಗೆ ಆಗುವಂಥ ಒಂದು ಕೈಗವಸು ಹೆಣೆಯಿರಿ. ನಿಮ್ಮ ಕೈಯಿಂದ ಅವರಿಗೆ ಹೆಣೆಯಲು ಮನಸ್ಸು ಬಾರದಿದ್ದರೆ ಹೆಣೆಯಬೇಡಿರಿ, ನನಗೆ ಅರ್ಥವಾಗುತ್ತದೆ.

ನಿಮ್ಮ ಒಲೆಯ ಮುಂದೆ ಕೂತು ಬರೆದ
ತಂಗಿ ಶಿವಕಾಂತಾ

ತಾ.ಕ.: ಒಳಗಿರುವ ಎರಡನೆಯ ಕಾಗದ ಅವರ ಕೈಯದು. ಸುಟ್ಟ ಬಲಗೈಯಲ್ಲ, ಎಡಗೈ. ಮಧ್ಯಾಹ್ನ ಉಂಡು ಕಣ್ಣು ಮುಚ್ಚಿ ಅಡ್ಡಾಗಿದ್ದಾಗ, ಚಾಪೆಯ ಮೇಲೆ ಚಾಚಿದ್ದ ಕೈಯ ಕೆಳಗೆ ಕಾಗದ ಸರಿಸಿ ಎಳೆದೆ. ನಿದ್ದೆ ಬಂದಿರಲಿಲ್ಲ, ಬಿಳಿ ಎತ್ತಿನ ಮಾತು ಹೇಳುತ್ತಲೇ ಇದ್ದರು. ಬೆರಳ ಸಂದಿಯಲ್ಲೆಲ್ಲ ಹಾಯಿಸಿದೆ. ಗೆರೆ ಎಲ್ಲೂ ಓರೆಯಾಗಿಲ್ಲ.