ಕೊಟ್ಟಿಗೆಯ ಕಿಟಕಿ

ತೂಬಗೆರೆ
12-1-1974

ಪ್ರೀತಿಯ ತಮ್ಮ ಗಂಗಣ್ಣನಿಗೆ ಅಕ್ಕ ಮುನಿತಾಯಮ್ಮನ ಆಶೀರ್ವಾದ.

ನಾವೆಲ್ಲ ಕ್ಷೇಮ. ಭದ್ರಾವತಿಯಲ್ಲಿ ನೀನೂ ಕ್ಷೇಮವೆಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೊಳ್ಳಬೇಡ. ಎರಡರಲ್ಲೂ ಹಸು ಹೇಗಿದೆ ಎಂದು ಕೇಳಿದ್ದೀಯೇ ಹೊರತು ಅಕ್ಕ ಹೇಗಿದ್ದಾಳೆಂದು ಕೇಳಿಲ್ಲ. ಆ ಕೋಪಕ್ಕೆ ಬರೆಯಲಿಲ್ಲ ಅಂದುಕೋ. ನಿಜ ಹೇಳಬೇಕೆಂದರೆ, ಹಸು ಚೆನ್ನಾಗಿಲ್ಲ ಎಂದು ಬರೆಯಲು ಕೈ ಬರಲಿಲ್ಲ.

ನೀನು ಕೊಡಿಸಿದ ಸೀಮೆ ಹಸು, ತವರಿನಿಂದ ಬಂದದ್ದು ಎಂದು ನಾನು ಮಾಡದ ಉಪಚಾರವಿಲ್ಲ. ಈ ಸಲ ಮಂಜು ಎಷ್ಟೆಂದರೆ, ಹೊತ್ತೇರುವವರೆಗೂ ಎದುರು ಮನೆ ಕಾಣುವುದಿಲ್ಲ. ನಾಟಿ ದನಗಳು ತಡೆದುಕೊಳ್ಳುತ್ತವೆ, ಇದು ಸುಕುಮಾರಿ ಎಂದು ಕೊಟ್ಟಿಗೆಯ ಕಿಟಕಿಗೆ ಗೋಣಿಚೀಲ ತುರುಕಿದೆ, ಮೈಗೆ ಕಂಬಳಿ ಹೊದಿಸಿದೆ, ಮೂಲೆಯಲ್ಲಿ ಬೆರಣಿ ಹೊತ್ತಿಸಿ ಹೊಗೆ ಹಾಕಿದೆ. ಅತ್ತೆ ಸಪ್ಪಲಮ್ಮನವರು, "ಅಂಥಾ ಕೆಚ್ಚಲು ಬೀದಿಯೋರ ಕಣ್ಣಿಗೆ ಬಿದ್ರೆ ಉಳೀತದಾ? ಒಳ್ಗೇ ಇರ್ಲಿ" ಎಂದರು. ಒಂದೂವರೆ ತಿಂಗಳು ಹಸು ಹೊಸ್ತಿಲು ದಾಟಲಿಲ್ಲ. ಹುಲ್ಲು, ನೀರು ಎಲ್ಲ ಇದ್ದಲ್ಲಿಗೇ.

ಆಮೇಲೆ ಕೆಮ್ಮಲು ಶುರುಮಾಡಿತು. ಮಂಡಿ ಊದಿ ಏಳಲು ಒದ್ದಾಡುತ್ತಿತ್ತು. ನಾನು ಇನ್ನೊಂದು ಚೀಲ ತುರುಕಿದೆ! ಕೊನೆಗೆ ನಿನ್ನ ಭಾವ ದೊಡ್ಡಬಳ್ಳಾಪುರದಿಂದ ದನದ ಡಾಕ್ಟರನ್ನು ಕರೆತಂದರು. ಅವರು ಒಳಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡು ಆಚೆ ಬಂದರು.

"ಏನಮ್ಮಾ, ಹಸು ಸಾಕಿದ್ದೀರೋ ಹೊಗೆಸೊಪ್ಪು ಒಣಗಿಸ್ತಿದ್ದೀರೋ? ಒಣ ಚಳಿ ಇದಕ್ಕೆ ಏನೂ ಮಾಡಲ್ಲ. ಗಂಜಲದ ತೇವ, ಈ ಹೊಗೆ, ಇವೇ ಕೊಲ್ಲೋದು. ಕಿಟಕಿ ತೆಗೀರಿ, ಒಣಹುಲ್ಲು ಹಾಸಿ. ಮಂಜು ಕರಗಿದ ಮೇಲೆ ದಿನಾ ಬಿಚ್ಚಿಬಿಡಿ, ಬಿಸಿಲಲ್ಲಿ ನಾಲ್ಕು ಹೆಜ್ಜೆ ಓಡಾಡ್ಲಿ."

ನನಗೆ ತಲೆ ಕೆಟ್ಟುಹೋಯಿತು. ಚಳಿಗೆ ಕೆಮ್ಮು ಬಂದಿದೆ ಎಂದರೆ ಚಳಿಗೇ ಬಿಡಿ ಅನ್ನುತ್ತಾರಲ್ಲ! ಅತ್ತೆ, "ಅವ್ರಿಗೇನು, ಸತ್ರೆ ಅವ್ರ ಮನೆ ಹಸುವಾ?" ಎಂದರು. ನಿನ್ನ ಭಾವ ಇಬ್ಬರ ಮಾತಿಗೂ ತಲೆಯಾಡಿಸಿ ಹೊಲಕ್ಕೆ ಹೋದರು. ಬಿಚ್ಚಿದರೂ ಭಯ, ಕಟ್ಟಿದರೂ ಭಯ. ಹೇಗೂ ನನ್ನ ಕೈಯಿಂದಲೇ ಸಾಯುತ್ತದೆ ಅನ್ನಿಸುತ್ತಿತ್ತು.

ಮಾರನೆಯ ದಿನ, ಅತ್ತೆ ಮುಖ ಊದಿಸಿಕೊಂಡು ಕೂತಿರುವಾಗಲೇ ಕಿಟಕಿಯ ಚೀಲ ಕಿತ್ತೆಸೆದು ಹಸುವನ್ನು ಬಿಚ್ಚಿದೆ. ಹಸು ಮುಂಗಾಲೆರಡನ್ನು ಆಚೆ ಇಟ್ಟು, ಹಿಂಗಾಲನ್ನು ಒಳಗೇ ಊರಿಕೊಂಡು ನಿಂತುಬಿಟ್ಟಿತು. ನಾನು ಅರೆಮನಸ್ಸಿನಿಂದ ಹಗ್ಗ ಎಳೆಯುತ್ತಿದ್ದೆ. ಪಕ್ಕದ ಮನೆಯ ದ್ಯಾವಮ್ಮ, "ಏನ್ ಮುನಿತಾಯಿ, ಹಸೂನ ಗಂಡನ್ ಮನೆಗೆ ಕಳಿಸ್ತಿದ್ದೀಯಾ? ನೀನೇ ಅಳ್ತಿದ್ದೀಯಲ್ಲೇ!" ಎಂದು ನಕ್ಕಳು. ನಿಜವಾಗಿಯೂ ಅಳುತ್ತಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹಗ್ಗ ಎಳೆದೆ.

ಇವತ್ತಿಗೆ ಒಂಬತ್ತು ದಿನ. ಹಿತ್ತಿಲಲ್ಲಿ ಗಾಳಿ ತಾಕದ ಗೋಡೆಯ ಮಗ್ಗುಲಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತದೆ. ಕೆಮ್ಮು ಹೆಚ್ಚುಕಮ್ಮಿ ನಿಂತಿದೆ. ಮಂಡಿಯ ಊತ ಇಳಿದಿದೆ. ಅತ್ತೆ ತಾವೇ ದೃಷ್ಟಿಗೆಂದು ಅದರ ಕೊರಳಿಗೆ ಕಪ್ಪು ದಾರ ಕಟ್ಟಿ, "ನಾನ್ ಆವಾಗ್ಲೇ ಹೇಳ್ಲಿಲ್ವಾ?" ಅನ್ನುತ್ತಿದ್ದಾರೆ. ಏನು ಹೇಳಿದ್ದರೋ ದೇವರಿಗೇ ಗೊತ್ತು. ಮನೆಯವರೆಲ್ಲ ಖುಷಿಯಾಗಿದ್ದಾರೆ. ನನಗೆ ಮಾತ್ರ ಅದು ದಿನದಿನಕ್ಕೆ ಚೇತರಿಸಿಕೊಳ್ಳುವುದನ್ನು ನೋಡಿದರೆ ಅವರಂತೆ ಬರೀ ಖುಷಿಪಡಲು ಆಗುತ್ತಿಲ್ಲ. ಸಂತೋಷವೋ ಸಂಕಟವೋ ತಿಳಿಯುತ್ತಿಲ್ಲ.

ಈ ಕಾಗದ ಸಿಗುವಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತದೆ. ನಿನ್ನ ಪಾಲಿನ ಎಳ್ಳುಬೆಲ್ಲ ಎತ್ತಿಟ್ಟಿರುತ್ತೇನೆ, ರಜ ಸಿಕ್ಕಾಗ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮುನಿತಾಯಮ್ಮ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಾಲ್ಕು ವರ್ಷದ ಹಿಂದೆ ಅಮ್ಮ ನಮ್ಮ ಮನೆಯಲ್ಲಿ ಕಾಯಿಲೆ ಮಲಗಿದ್ದಾಗ, ಬೆಂಗಳೂರಿನ ಡಾಕ್ಟರು ಅವಳಿಗೂ ಹೀಗೇ ಹೇಳಿದ್ದರು. ಗಾಳಿಬೆಳಕಿನಲ್ಲಿ ಇಡಿ, ದಿನಾ ಹೊರಗೆ ಕೂರಿಸಿ ಎಂದು. ಅದನ್ನು ನಿನಗೆ ನಾನು ಬರೆಯಲೇ ಇಲ್ಲ. ಚಳಿ ತಾಕೀತೆಂದು ಕೋಣೆ ಮುಚ್ಚಿಯೇ ಇಟ್ಟಿದ್ದೆ. "ತಾಯೀ, ಒಂದ್ ಗಳಿಗೆ ಜಗುಲಿಗೆ ಕರ್ಕೊಂಡೋಗೇ" ಎಂದು ದಿನಾ ಕೇಳುತ್ತಿದ್ದಳು. ಈ ಚಳಿಗಾಲ ಒಂದು ಕಳೆಯಲಿ ಅಮ್ಮಾ ಎನ್ನುತ್ತಿದ್ದೆ. ಅವಳಿಗೆ ಅದು ಕಳೆಯಲಿಲ್ಲ. ಮಣ್ಣು ಮಾಡಿ ಬಂದ ದಿನ, ಅಮ್ಮ ಕೊನೆಗೆ ಏನಾದರೂ ಕೇಳಿದಳಾ ಎಂದು ನೀನು ಕೇಳಿದೆ. ಏನೂ ಇಲ್ಲ ಎಂದೆ. ಬಿಸಿಲು ಕೇಳಿದ್ದಳು ಕಣೋ.